ಆಡು ಬಂತು, ಅಳಿಯ ಎಲ್ಲಿ?

ನಮ್ಮ ಕುಟುಂಬದಲ್ಲಿ ಒಂದು ಗಾದೆ ಉಂಟು. ಬೇರೆ ಯಾರ ಮನೆಯಲ್ಲೂ ನೀವು ಅದನ್ನು ಕೇಳಿರಲಿಕ್ಕಿಲ್ಲ. ಮದುವೆ ಮನೆಗೆ ಬಿರಿಯಾನಿ ಪಾತ್ರೆ ಬಂದು ಅಡುಗೆಯವರು ಬಾರದಿದ್ದರೆ, ಗಲ್ಫಿನಿಂದ ಪೆಟ್ಟಿಗೆ ಬಂದು ಆಳು ಬಾರದಿದ್ದರೆ, ಪರೀಕ್ಷೆಯ ಫೀಸು ಕಟ್ಟಿ ಆಗಿದ್ದರೂ ಹುಡುಗ ಇನ್ನೂ ಪುಸ್ತಕ ಮುಟ್ಟದಿದ್ದರೆ ನಮ್ಮಲ್ಲಿ ಯಾರಾದರೊಬ್ಬರು ತಪ್ಪದೆ ಹೇಳುತ್ತಾರೆ: "ಆಡು ಬಂತು, ಅಳಿಯ ಎಲ್ಲಿ?"

ಈ ಮಾತು ಹುಟ್ಟಿದ್ದು ನೇತ್ರಾವತಿ ದಂಡೆಯ ನಮ್ಮ ಅಜ್ಜಿ ಮನೆಯಲ್ಲಿ. ಹೇಳಿದವರು ಅಜ್ಜಿ. ಅದು ಹೇಗೆ ಹುಟ್ಟಿತು ಎನ್ನುವ ಮೊದಲು ಆ ಮನೆಯ ಕತೆ ಸ್ವಲ್ಪ ಹೇಳಬೇಕು. ಇನ್ನೊಂದು ಮಾತು. ಅಲ್ಲಿ ನಡೆದ ಮಾತುಕತೆಯೆಲ್ಲ ಬ್ಯಾರಿ ಭಾಷೆಯದ್ದು. ಕನ್ನಡಕ್ಕೆ ತರುವಾಗ ಉಪ್ಪು ಖಾರ ಒಂದು ಚಮಚ ಕಡಿಮೆಯಾದರೆ ಕ್ಷಮಿಸಿ.

ಕಡವು ದಾಟಿದರೆ ರಜೆ

ನಮ್ಮ ಉಮ್ಮನವರು ನಾಲ್ವರು ಅಕ್ಕತಂಗಿಯರು, ಇಬ್ಬರು ತಮ್ಮಂದಿರು. ಎಪ್ರಿಲ್ ಹತ್ತಕ್ಕೆ ಶಾಲೆಯ ಫಲಿತಾಂಶ ಸಿಕ್ಕಿತೋ, ಪಾಸೋ ಫೇಲೋ ನೋಡುವ ಮೊದಲೇ ಉಮ್ಮ ಬಟ್ಟೆ ಗಂಟು ಕಟ್ಟಿ ಆಗುತ್ತಿತ್ತು. ಮಂಗಳೂರಿನಿಂದ ಬಿ.ಸಿ. ರೋಡ್ ಬಸ್ಸು ಹತ್ತಿ, ತುಂಬೆಯ ಹತ್ತಿರ ಇಳಿದು, ಗದ್ದೆಯ ಬದುವಿನಲ್ಲಿ ನಡೆದು ಕಡವಿಗೆ ಬಂದರೆ ಎದುರಿಗೆ ಹೊಳೆ. ಹೊಳೆಯಾಚೆ ಸಜಿಪದ ತೆಂಗಿನ ತೋಟಗಳು. ಅಲ್ಲೆಲ್ಲೋ ಒಂದು ಹಂಚಿನ ಮಾಡು ಕಂಡರೆ ನಾವು ಈಚೆ ದಡದಿಂದಲೇ ಕೂಗು ಹಾಕುತ್ತಿದ್ದೆವು. ದೋಣಿಯ ಕಾಕ ಆಚೆಯಿಂದ ಬರುವ ತನಕ ಪುರುಸೊತ್ತಿಲ್ಲ.

ನೇತ್ರಾವತಿ ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಉಳ್ಳಾಲದ ಹತ್ತಿರ ಸಮುದ್ರ ಸೇರುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದರು. ಅಜ್ಜ ಅದಕ್ಕೆ ಒಂದು ವಾಕ್ಯ ಸೇರಿಸುತ್ತಿದ್ದರು: "ನಡುವೆ ನಮ್ಮ ಕಡವಿನಲ್ಲಿ ಒಂದು ಗಳಿಗೆ ಕೂತು ಸುಧಾರಿಸಿಕೊಂಡು ಹೋಗ್ತದೆ." ಅದು ಸುಳ್ಳೂ ಅಲ್ಲ. ಎಪ್ರಿಲ್ ಮೇಯಲ್ಲಿ ಹೊಳೆಯ ಅರ್ಧಕ್ಕರ್ಧ ಮರಳೇ. ನಡುವಿನಲ್ಲಿ ಸೊಂಟದವರೆಗಿನ ನೀರು, ಅಲ್ಲಲ್ಲಿ ಗುಂಡಿ. ಆ ಗುಂಡಿಗಳು ಎಲ್ಲಿವೆ ಎಂದು ಎರಡೂ ಮಾಮಂದಿರಿಗೆ ಬಾಯಿಪಾಠ. ಅವರಿಬ್ಬರ ಕಣ್ಣಳತೆಯಲ್ಲಿ ಇದ್ದಾಗ ಮಾತ್ರ ನಮಗೆ ನೀರಿಗಿಳಿಯಲು ಅಪ್ಪಣೆ.

ಮಳೆಗಾಲದ ಹೊಳೆ ಮಾತ್ರ ಬೇರೆಯೇ. ಚಾವಡಿಯ ಮುರಕಲ್ಲಿನ ಗೋಡೆಯಲ್ಲಿ ಅಜ್ಜ ಉಳಿಯಿಂದ ಕೆತ್ತಿದ ಒಂದು ಗೆರೆ ಇತ್ತು. 1974ರ ನೆರೆ ಅಲ್ಲಿಯ ತನಕ ಬಂದಿತ್ತಂತೆ. ಅದಕ್ಕಿಂತ ಮೊದಲು 1923ರಲ್ಲಿ ಇನ್ನೂ ದೊಡ್ಡ ನೆರೆ ಬಂದಿತ್ತು ಎಂದು ಅಜ್ಜನ ಉಪ್ಪ ಹೇಳುತ್ತಿದ್ದರಂತೆ. ದೊಡ್ಡವರಿಗೆ ಆ ಗೆರೆ ಭಯದ ನೆನಪು. ನಮಗೆ ಅದು ಎತ್ತರ ಅಳೆಯುವ ಕೋಲು. ಪ್ರತಿ ರಜೆಯ ಮೊದಲ ದಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ತಲೆಯ ಮೇಲೆ ಇದ್ದಿಲಿನಿಂದ ಗುರುತು ಹಾಕುವುದು. ಗೆರೆ ದಾಟಿದವನು 'ನೆರೆ ದಾಟಿದವ'. ಅವನಿಗೆ ಅಂದು ಹೆಚ್ಚಿಗೆ ಒಂದು ಹುರಿದ ಬಂಗುಡೆ. ನಮ್ಮ ಚಿಕ್ಕಮ್ಮ ಮೂರು ಮಕ್ಕಳ ತಾಯಿಯಾದರೂ ಆ ಗೆರೆ ದಾಟಲಿಲ್ಲ. ಪ್ರತಿ ವರ್ಷ ಕದ್ದು ಹೋಗಿ ನಿಂತು ನೋಡುವುದನ್ನು ಮಾತ್ರ ಬಿಡಲಿಲ್ಲ.

ಮಗ್ರಿಬ್‌ನ ತಲೆಲೆಕ್ಕ

ನಾಲ್ಕು ಮನೆಯ ಮಕ್ಕಳು ಸೇರಿದರೆ ಹದಿನೇಳು. ದಿನಾ ಮಗ್ರಿಬ್ ಬಾಂಗಿಗೆ ಸರಿಯಾಗಿ ಅಜ್ಜಿ ಜಗಲಿಯಲ್ಲಿ ನಿಂತು ಎಣಿಸುತ್ತಿದ್ದರು. ಹೊಳೆಬದಿಯ ಮನೆಯಲ್ಲಿ ಅದು ತಮಾಷೆಯ ಲೆಕ್ಕವಲ್ಲ. ಹದಿನೇಳು ಆಗುವ ತನಕ ಯಾರೂ ಒಳಗೆ ಹೋಗುವಂತಿಲ್ಲ, ಅಜ್ಜಿಯೂ ಮುಸಲ್ಲ ಬಿಡಿಸುವುದಿಲ್ಲ.

ಒಂದು ವರ್ಷ ಲೆಕ್ಕ ಹದಿನೆಂಟು ಬಂತು. ಅಜ್ಜಿಗೆ ವಯಸ್ಸಾಯಿತು, ಎಣಿಕೆ ತಪ್ಪಿತು ಎಂದು ಎಲ್ಲರೂ ನಕ್ಕರು. ಮರುದಿನವೂ ಹದಿನೆಂಟು. ಮೂರನೇ ದಿನ ಅಜ್ಜಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕಿವಿ ಹಿಡಿದು "ನೀನು ಯಾರ ಮಗ?" ಎಂದು ಕೇಳುತ್ತಾ ಬಂದರು. ಸಾಲಿನ ಕೊನೆಯಲ್ಲಿ ಒಬ್ಬ ಹುಡುಗ ತಣ್ಣಗೆ ಹೇಳಿದ: "ನಾನು ದೋಣಿಯ ಕಾಕನ ಮೊಮ್ಮಗ. ಇಲ್ಲಿ ರಾತ್ರಿ ಪತ್ತಿರ್ ಮತ್ತು ಕೋಳಿ ಸಾರು ಅಂತ ಗೊತ್ತಾಯ್ತು."

ಮೂರು ದಿನ ಅವನು ನಮ್ಮ ಜೊತೆಯೇ ಉಂಡು, ಚಾಪೆಯಲ್ಲಿ ನಮ್ಮ ಜೊತೆಯೇ ಮಲಗಿದ್ದ. ದೊಡ್ಡಮ್ಮ ಅವನನ್ನು ನಮ್ಮ ಉಮ್ಮನ ಮಗ ಎಂದುಕೊಂಡಿದ್ದರು. ನಮ್ಮ ಉಮ್ಮ ಅವನನ್ನು ದೊಡ್ಡಮ್ಮನ ಮಗ ಎಂದುಕೊಂಡು, ತಲೆಗೆ ಎಣ್ಣೆ ಹಚ್ಚಿ ಮೀಯಿಸಿಯೂ ಆಗಿತ್ತು! ದೋಣಿಯ ಕಾಕನಿಗೆ ಎಲ್ಲ ಗೊತ್ತಿತ್ತು. "ನಿಮ್ಮಲ್ಲಿ ಅಷ್ಟು ಮಕ್ಕಳ ನಡುವೆ ಒಬ್ಬ ಹೆಚ್ಚಾದರೆ ಭಾರವಾ ಅಂತ ಸುಮ್ಮನಿದ್ದೆ" ಎಂದರು. ಅಜ್ಜಿ ಅವನನ್ನು ಕಳಿಸಲಿಲ್ಲ. ಆ ವರ್ಷದಿಂದ ನಮ್ಮ ಲೆಕ್ಕವೇ ಹದಿನೆಂಟು ಆಯಿತು.

ಈಜು ಕಲಿಯಲು ನಮಗಿದ್ದ ಸಾಧನ ಎರಡು ಒಣ ತೆಂಗಿನಕಾಯಿ. ಸಿಪ್ಪೆ ಸುಲಿಯದ ಕಾಯಿ ನೀರಲ್ಲಿ ತೇಲುತ್ತದೆ. ಎರಡನ್ನು ಹಗ್ಗದಲ್ಲಿ ಜೋಡಿಸಿ ಎದೆಯಡಿಗೆ ಇಟ್ಟುಕೊಂಡರೆ ಮುಳುಗುವುದಿಲ್ಲ. ಪ್ರತಿಯೊಬ್ಬರಿಗೂ ಸ್ವಂತ ಜೋಡಿ, ಅದರ ಮೇಲೆ ಕತ್ತಿಯಿಂದ ಕೊರೆದ ಗುರುತು. ಒಂದು ಬೆಳಿಗ್ಗೆ ನನ್ನ ಜೋಡಿ ಕಾಣೆ. ಮನೆಯೆಲ್ಲ ಹುಡುಕಿ ಅಳುತ್ತಾ ಅಡುಗೆಮನೆಗೆ ಹೋದರೆ, ದೊಡ್ಡಮ್ಮ ತುರಿಮಣೆ ಮೇಲೆ ಕೂತು ಶಾಂತವಾಗಿ ಹೇಳಿದರು: "ಇವತ್ತು ಜನ ಜಾಸ್ತಿ ಮೋಳೆ. ನಿನ್ನ ಈಜು ಸಾರಿಗೆ ಹೋಯ್ತು." ಮಧ್ಯಾಹ್ನ ಪಿಂಡಿಗೆ ಆ ಸಾರು ಹಾಕಿಕೊಂಡು ಉಂಡೆ. ಸಿಟ್ಟು ಇಳಿಯಲಿಲ್ಲ, ಆದರೆ ಸಾರು ಇಳಿಯಿತು.

ಇದನ್ನೆಲ್ಲ ನೆನೆದು ನಗುವಾಗ ಒಂದು ವಿಷಯ ಮರೆಯಬಾರದು. ರಜೆ ನಮಗೆ ಮಾತ್ರ ಇತ್ತು. ಉಮ್ಮ, ದೊಡ್ಡಮ್ಮ, ಚಿಕ್ಕಮ್ಮಂದಿರು ಬೆಳಿಗ್ಗೆ ಮೂವತ್ತು ಜನಕ್ಕೆ ಅಕ್ಕಿ ಅರೆದು, ಮಧ್ಯಾಹ್ನ ಸೂಪಿನಲ್ಲಿ ಎಲೆ ಇಟ್ಟುಕೊಂಡು ಬೀಡಿ ಕಟ್ಟಿ, ರಾತ್ರಿ ಮತ್ತೆ ಒಲೆಯ ಮುಂದೆ. ಆದರೂ ವರ್ಷವಿಡೀ ನಾನು ಕೇಳದ ಒಂದು ಸದ್ದು ಅಲ್ಲಿ ಕೇಳುತ್ತಿತ್ತು. ಅದು ನಮ್ಮ ಉಮ್ಮ ಬಾಯಿಬಿಟ್ಟು ನಗುವ ಸದ್ದು. ಮಂಗಳೂರಿನ ಮನೆಯಲ್ಲಿ ಅವರು ಹಾಗೆ ನಗುತ್ತಿರಲಿಲ್ಲ.

ಎರಡು ಸಹರಿ, ಒಂದು ಉಪವಾಸ

ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದಲ್ಲ, 1987ರ ಹೊತ್ತಿಗೆ ಅದು ಎಪ್ರಿಲ್ ಕೊನೆಗೆ ಬಂದು ಸರಿಯಾಗಿ ನಮ್ಮ ರಜೆಯ ಮೇಲೆ ಕೂತಿತು. ಸೆಕೆ ಎಂದರೆ ಸೆಕೆ. ಹುಡುಗರಿಗೆಲ್ಲ ಉಪವಾಸ ಹಿಡಿಯುವ ಹಟ. ಹಾಗಂತ ಹೊಳೆಗೆ ಇಳಿಯದೆ ಇರಲಿಕ್ಕಾಗುತ್ತದಾ? ಮಧ್ಯಾಹ್ನ ಲುಹರ್ ಆದ ಕೂಡಲೇ ಬೈರಾಸು ಹೆಗಲಿಗೆ ಹಾಕಿ ಹೊರಟರೆ, ಮುಳುಗು ಹಾಕುವ ಪಂದ್ಯವೇ ಪಂದ್ಯ. ನೀರಿನಡಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಎಂದು ನೋಡುವುದು. ಆ ಪಂದ್ಯದಲ್ಲಿ ಗೆದ್ದು ಬಂದವರ ಮುಖದಲ್ಲಿ ಮಾತ್ರ ಒಂದು ವಿಶೇಷ ತೃಪ್ತಿ.

ಅಜ್ಜಿ ಏನೂ ಕೇಳಲಿಲ್ಲ. ಇಫ್ತಾರ್‌ಗೆ ಎಲ್ಲರೂ ಕೂತಾಗ ಹೊಳೆಯ ಕಡೆ ನೋಡಿ, "ಇವತ್ತು ಹೊಳೆಯಲ್ಲಿ ನೀರು ಒಂದು ಗೇಣು ಕಡಿಮೆಯಾದ ಹಾಗೆ ಕಾಣ್ತದಲ್ಲ" ಎಂದರು. ಖರ್ಜೂರಕ್ಕೆ ನೀಡಿದ ನಾಲ್ಕು ಕೈಗಳು ಅಲ್ಲೇ ನಿಂತವು.

ಅದೇ ರಮಝಾನಿನ ಇನ್ನೊಂದು ರಾತ್ರಿ. ಆಗ ಮನೆಯಲ್ಲಿ ಕರೆಂಟು ಇರಲಿಲ್ಲ. ಬಚ್ಚಲು ಅಂಗಳದಾಚೆ. ಚಾವಡಿಯಲ್ಲಿ ಮಲಗಿದ್ದ ಒಬ್ಬಳಿಗೆ ಹೊರಗೆ ಹೋಗಬೇಕಾಯಿತು. ಹೆದರಿಕೆಗೆ ಪಕ್ಕದವಳನ್ನು ಎಬ್ಬಿಸಿದಳು. ಅವಳು ತನ್ನ ಪಕ್ಕದವನನ್ನು. ಹೀಗೆ ಎಬ್ಬಿಸುತ್ತಾ ಎಬ್ಬಿಸುತ್ತಾ ಒಂಬತ್ತು ಜನ ಒಂದು ಚಿಮಿಣಿ ದೀಪ ಹಿಡಿದುಕೊಂಡು ಮೆರವಣಿಗೆ ಹೊರಟೆವು. ಸದ್ದಿಗೆ ಅಜ್ಜಿಗೆ ಎಚ್ಚರವಾಯಿತು. ಮಕ್ಕಳೆಲ್ಲ ತಾವಾಗಿಯೇ ಎದ್ದಿದ್ದಾರೆ ಎಂದರೆ ಸಹರಿಯ ಹೊತ್ತು ಮೀರಿತು ಎಂದುಕೊಂಡು ಗಾಬರಿಯಲ್ಲಿ ಎಲ್ಲರನ್ನೂ ಎಬ್ಬಿಸಿದರು. ಗೋಡೆ ಗಡಿಯಾರವನ್ನು ಸಣ್ಣ ಮಾಮ ರಿಪೇರಿಗೆಂದು ಬಿಚ್ಚಿ ಮೂರು ದಿನವಾಗಿತ್ತು. ಒಲೆ ಹೊತ್ತಿತು, ಗಂಜಿ ಬಿಸಿಯಾಯಿತು, ಮೂವತ್ತು ಜನ ಗಡಿಬಿಡಿಯಲ್ಲಿ ಉಂಡು, ನಿಯ್ಯತ್ ಮಾಡಿ, ಸುಬಹಿ ಬಾಂಗಿಗೆ ಕಾದು ಕೂತರು. ಕಾದರು. ಮತ್ತೂ ಕಾದರು. ಕೊನೆಗೆ ಅಜ್ಜ ತಲೆದಿಂಬಿನಡಿಯಿಂದ ವಾಚು ತೆಗೆದು ದೀಪಕ್ಕೆ ಹಿಡಿದರೆ ಗಂಟೆ ಒಂದೂವರೆ!

ನಾಲ್ಕು ಗಂಟೆಗೆ ಮತ್ತೆ ಎದ್ದು ಎಲ್ಲರೂ ಮತ್ತೊಮ್ಮೆ ಉಂಡರು. "ಎರಡು ಸಹರಿ, ಒಂದೇ ಉಪವಾಸ. ಇಂಥ ಲಾಭದ ವ್ಯಾಪಾರ ಯಾವ ಬ್ಯಾರಿಯೂ ಮಾಡಿರಲಿಕ್ಕಿಲ್ಲ" ಎಂದರು ಅಜ್ಜ.

ದೋಣಿಯ ದಿನ

ಈಗ ಆಡಿನ ಕತೆ. ಇದು ಆ ರಮಝಾನಿಗೂ ನಾಲ್ಕೈದು ವರ್ಷ ಮೊದಲಿನದ್ದು. ಚಿಕ್ಕಮ್ಮನ ಮದುವೆ ಆಗಿತ್ತಷ್ಟೆ. ಪುದಿಯಾಪ್ಳೆ ಮೊದಲ ಸಲ ರಜೆಯಲ್ಲಿ ತಕ್ಕಾರಕ್ಕೆ ಬರುವವರು. ಹೊಸ ಅಳಿಯನನ್ನು ಕಡವಿನ ದೋಣಿಯಲ್ಲಿ ನಾಲ್ಕು ಜನರ ನಡುವೆ ಕೂರಿಸುವುದು ಮರ್ಯಾದೆಯಲ್ಲ ಎಂದು ಮಾಮಂದಿರಿಬ್ಬರೂ ತೀರ್ಮಾನಿಸಿದರು. ಮರಳು ಸಾಗಿಸುವವರಿಂದ ಒಂದು ಸಣ್ಣ ದೋಣಿ ಕೇಳಿ ತಂದು, ತೊಳೆದು, ಚಾಪೆ ಹಾಸಿ, ಮೇಲೆ ದಿಂಬು ಇಟ್ಟರು. ಅಷ್ಟಕ್ಕೇ ನಿಂತಿದ್ದರೆ ಕತೆ ಇರುತ್ತಿರಲಿಲ್ಲ. ತಕ್ಕಾರದ ಆಡನ್ನೂ ಆಚೆ ಕಡೆಯಿಂದಲೇ ತರಬೇಕಿತ್ತು. ಎರಡು ಸಲ ಯಾಕೆ, ಒಂದೇ ಸಲ ತರುವ ಎಂದು ದೊಡ್ಡ ಮಾಮ ಹೇಳಿದರು ಎಂದು ಸಣ್ಣ ಮಾಮ ಹೇಳುತ್ತಾರೆ. ಸಣ್ಣ ಮಾಮ ಹೇಳಿದ್ದು ಎಂದು ದೊಡ್ಡ ಮಾಮ ಹೇಳುತ್ತಾರೆ.

ನಾವು ಮಕ್ಕಳೆಲ್ಲ ಈಚೆ ದಡದಲ್ಲಿ ಸಾಲಾಗಿ ನಿಂತಿದ್ದೆವು. ಅಜ್ಜಿ ಹೊಸ ತಟ್ಟ ಹಾಕಿಕೊಂಡು, ಶರಬತ್ತಿನ ಗ್ಲಾಸು ಹಿಡಿದುಕೊಂಡು, ಜಗಲಿಯಲ್ಲಿ. ದೋಣಿ ಬರುತ್ತಿತ್ತು. ಮುಂದೆ ಬಿದಿರಿನ ಗಳ ಊರುತ್ತಾ ದೊಡ್ಡ ಮಾಮ, ಹಿಂದೆ ಸಣ್ಣ ಮಾಮ, ನಡುವೆ ದಿಂಬಿನ ಮೇಲೆ ಬಿಳಿ ಅಂಗಿ, ಬಿಳಿ ಮುಂಡು, ಚಿನ್ನದ ಬಣ್ಣದ ವಾಚು, ತೊಡೆಯ ಮೇಲೆ ಹಲ್ವದ ಪೆಟ್ಟಿಗೆ ಇಟ್ಟುಕೊಂಡ ಪುದಿಯಾಪ್ಳೆ. ಪುದಿಯಾಪ್ಳೆಯ ಎದುರು, ಅಷ್ಟೇ ಗಾಂಭೀರ್ಯದಲ್ಲಿ, ಆಡು.

ಹೊಳೆಯ ನಡುವೆ ಬಂದಾಗ ಆಡು ನಮ್ಮ ದಡದಲ್ಲಿದ್ದ ಹಲಸಿನ ಸೊಪ್ಪನ್ನು ಕಂಡಿತೋ ಏನೋ, ಎದ್ದು ನಿಂತಿತು. ಅದನ್ನು ಕೂರಿಸಲು ಯಾರೋ ಒಬ್ಬರು ಎದ್ದರು. ಅವರನ್ನು ಕೂರಿಸಲು ಇನ್ನೊಬ್ಬರು ಎದ್ದರು. ಆಮೇಲೆ ದೋಣಿಯ ಹೊಟ್ಟೆ ಮೇಲೆ, ಎಲ್ಲರೂ ಕೆಳಗೆ.

ಹೆದರುವ ಆಳ ಇರಲಿಲ್ಲ. ಮೂವರೂ ಎದ್ದು ನಿಂತಾಗ ನೀರು ಸೊಂಟದ ಮಟ್ಟ. ಆದರೆ ಪುದಿಯಾಪ್ಳೆಗೆ ಅದು ಗೊತ್ತಿರಲಿಲ್ಲ. ಅವರು ಪೇಟೆಯವರು. ಒಂದು ಕೈಯಲ್ಲಿ ಹಲ್ವದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ವಾಚು ತಲೆಯ ಮೇಲೆ ಎತ್ತಿ ಹಿಡಿದು, ಕಣ್ಣು ಮುಚ್ಚಿ, ಶಹಾದತ್ ಹೇಳುತ್ತಾ ನಿಂತೇ ಇದ್ದರು. ಮಾಮಂದಿರು ತೇಲಿ ಹೋಗುವ ದಿಂಬಿನ ಹಿಂದೆ ಓಡುತ್ತಿದ್ದರು.

ಆಡು ಮಾತ್ರ ಯಾರನ್ನೂ ಕಾಯಲಿಲ್ಲ. ನೇರ ಈಜಿ ದಡ ಹತ್ತಿ, ನಮ್ಮ ನಡುವಿನಿಂದ ದಾರಿ ಮಾಡಿಕೊಂಡು, ತೋಟ ದಾಟಿ, ಅಂಗಳಕ್ಕೆ ಹೋಗಿ, ಜಗಲಿಯ ಮುಂದೆ ನಿಂತು ಮೈ ಕೊಡವಿತು. ಅಜ್ಜಿಯ ಹೊಸ ತಟ್ಟದ ಮೇಲೆಲ್ಲ ಹೊಳೆ ನೀರು. ಅಜ್ಜಿ ಒಮ್ಮೆ ಆಡನ್ನು ನೋಡಿದರು, ಒಮ್ಮೆ ಕೈಯಲ್ಲಿದ್ದ ಶರಬತ್ತನ್ನು ನೋಡಿದರು. ಆಮೇಲೆ ಹೊಳೆಯ ಕಡೆ ನೋಡಿ ಜೋರಾಗಿ ಕೇಳಿದರು:

"ಆಡು ಬಂತು, ಅಳಿಯ ಎಲ್ಲಿ?"

ಆ ಆಡನ್ನು ಕೊಯ್ಯಲಿಲ್ಲ. ಪುದಿಯಾಪ್ಳೆ ಬಿಡಲಿಲ್ಲ. "ನಾನು ಅದರ ಜೊತೆ ಮುಳುಗಿದವನು. ಅದನ್ನು ತಿನ್ನಲಿಕ್ಕೆ ನನ್ನಿಂದಾಗುವುದಿಲ್ಲ" ಎಂದರು. ನೈಚೋರಿಗೆ ಕೋಳಿ ಸಾರು ಆಯಿತು. ಆಡು ಅಲ್ಲೇ ಬೆಳೆದು, ಆರು ವರ್ಷ ಅಜ್ಜಿಯ ತೊಂಡೆ ಚಪ್ಪರ ತಿಂದು, ಮುದಿಯಾಗಿ ಸತ್ತಿತು.

ಪಾಲು

ಅಜ್ಜ ಹೋದರು. ಕೆಲವು ವರ್ಷಗಳಲ್ಲಿ ಅಜ್ಜಿಯೂ ಹೋದರು. ಆಮೇಲೆ ಪಾಲಿನ ಮಾತು ಬಂತು. ಎಲ್ಲ ಮನೆಗಳಲ್ಲೂ ಬರುವಂಥದ್ದೇ. ಶರೀಅತ್‌ನಲ್ಲಿ ಯಾರಿಗೆ ಎಷ್ಟು ಎಂಬುದು ಸ್ಪಷ್ಟವಾಗಿಯೇ ಉಂಟು. ಆದರೆ ಬಾವಿ ಯಾರ ಕಡೆಗೆ, ಕಡವಿಗೆ ಹೋಗುವ ದಾರಿ ಯಾರ ಜಾಗದಲ್ಲಿ ಎಂಬಲ್ಲಿ ಮಾಮಂದಿರಿಬ್ಬರ ಮಾತು ಮುರಿಯಿತು. ಹನ್ನೊಂದು ವರ್ಷ ಅವರ ನಡುವೆ ಇದ್ದದ್ದು ಸಲಾಂ ಮತ್ತು ಅದರ ಉತ್ತರ, ಅಷ್ಟೆ. ಮದುವೆಗಳಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಮೂರನೆಯದಕ್ಕೆ. ಮನೆಗೆ ಬೀಗ ಬಿತ್ತು. ನಮ್ಮ ಮಕ್ಕಳು ರಜೆಗೆ ರೆಸಾರ್ಟಿನ ಈಜುಕೊಳದಲ್ಲಿ ಈಜು ಕಲಿತರು. ಅಲ್ಲಿ ತೆಂಗಿನಕಾಯಿ ಬೇಕಾಗುವುದಿಲ್ಲ.

ಕಳೆದ ಮೇಯಲ್ಲಿ ಮನೆ ಮಾರುವ ಬಗ್ಗೆ ಮಾತಾಡಲು ಎಲ್ಲರೂ ಅಲ್ಲಿ ಸೇರಬೇಕಾಯಿತು. ಕಡವಿಲ್ಲ, ದೋಣಿಯಿಲ್ಲ. ಕಾರು ಸುತ್ತಿಕೊಂಡು ಅಂಗಳದ ತನಕ ಬರುತ್ತದೆ. ಮಂಗಳೂರಿಗೆ ಕುಡಿಯುವ ನೀರಿಗೆಂದು ತುಂಬೆಯ ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವುದರಿಂದ, ನಾವು ಓಡಾಡಿದ ಮರಳೆಲ್ಲ ಈಗ ಬೇಸಗೆಯಲ್ಲೂ ನೀರಿನಡಿ. ಸೊಂಟದ ಹೊಳೆ ಈಗ ತಲೆ ಮೀರಿದ ಹೊಳೆ. ಮಾಮಂದಿರಿಗೆ ಬಾಯಿಪಾಠ ಇದ್ದ ಗುಂಡಿಗಳ ಲೆಕ್ಕ ಈಗ ಯಾರ ಉಪಯೋಗಕ್ಕೂ ಬರುವುದಿಲ್ಲ. ಮಕ್ಕಳನ್ನು ಮೆಟ್ಟಿಲಿನಿಂದ ಕೆಳಗೆ ಬಿಡಲಿಲ್ಲ.

ಚಾವಡಿಯಲ್ಲಿ ಕೂತಾಗ ಮೌನವೇ ಮೌನ. ಒಬ್ಬ ಮಾಮ ಈ ಮೂಲೆ, ಇನ್ನೊಬ್ಬರು ಆ ಮೂಲೆ. ಗಂಟೆ ಹನ್ನೊಂದಾದರೂ ಕಾಗದಪತ್ರ ತರಬೇಕಾದವರು ಬಂದಿರಲಿಲ್ಲ. ಅವರು ಕಳಿಸಿದ ಮಧ್ಯಾಹ್ನದ ಬಿರಿಯಾನಿ ಮಾತ್ರ ಬಂದು ಜಗಲಿಯಲ್ಲಿ ಕೂತಿತ್ತು. ಆ ಹಳೆಯ ಪುದಿಯಾಪ್ಳೆ, ಈಗ ಎಪ್ಪತ್ತರ ನಮ್ಮ ಚಿಕ್ಕಪ್ಪ, ಬಿರಿಯಾನಿ ಪಾತ್ರೆಯನ್ನು ನೋಡಿ ತಮ್ಮಷ್ಟಕ್ಕೇ ಹೇಳಿದರು: "ಆಡು ಬಂತು. ಅಳಿಯ ಎಲ್ಲಿ?"

ಮೊದಲು ನಕ್ಕದ್ದು ನಮ್ಮ ಉಮ್ಮ. ಬಾಯಿಬಿಟ್ಟು, ಆ ಹಳೆಯ ನಗು. ಆಮೇಲೆ ದೊಡ್ಡಮ್ಮ. ಹಿಂದೆಯೇ ನಾವೆಲ್ಲ. ನನ್ನ ಮಗಳು "ಅದೆಂತ ಕತೆ?" ಎಂದು ಕೇಳಿದಳು. ಚಿಕ್ಕಪ್ಪ ಶುರು ಮಾಡಿದರು. "ಆಡು ಎದ್ದಿತು. ಆಗ ದೊಡ್ಡ ಬಾವ ಎದ್ದು ನಿಂತರು..."

"ನಾನಲ್ಲ" ಎಂದರು ದೊಡ್ಡ ಮಾಮ ಈ ಮೂಲೆಯಿಂದ.

"ಮತ್ತೆ ನಾನಾ?" ಎಂದರು ಸಣ್ಣ ಮಾಮ ಆ ಮೂಲೆಯಿಂದ. "ನಾನು ಹಿಂದೆ ಗಳ ಹಿಡಿದಿದ್ದೆ."

"ಗಳ ನನ್ನ ಕೈಯಲ್ಲಿತ್ತು. ನೀನು ಬೀಡಿ ಹೊತ್ತಿಸ್ತಾ ಇದ್ದೆ."

"ಉಪ್ಪ ನೋಡ್ತಾ ಇದ್ದಾಗ ನಾನು ಬೀಡಿ ಹೊತ್ತಿಸ್ತೇನಾ?"

ಹನ್ನೊಂದು ವರ್ಷದ ನಂತರ ಅಣ್ಣತಮ್ಮಂದಿರು ಆಡಿದ ಮೊದಲ ಮಾತು ಇದು. ಜಗಳವೇ. ಆದರೆ ಬಾವಿಯದ್ದಲ್ಲ, ದಾರಿಯದ್ದಲ್ಲ. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ.

ಕಾಗದದವರು ಆಮೇಲೆ ಬಂದರು. ಅಂದು ಏನೂ ತೀರ್ಮಾನವಾಗಲಿಲ್ಲ. ಮನೆ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಉಳಿಸುವುದಕ್ಕೆ ಹಣ ಬೇಕು, ಮಾಡಿನ ಹಂಚು ಬದಲಿಸಬೇಕು, ನೋಡಿಕೊಳ್ಳುವವರು ಬೇಕು. ನಗು ಒಂದರಿಂದ ಅದೆಲ್ಲ ಆಗುವುದಿಲ್ಲ. ಆದರೆ ಪಾಲಿನ ಪಟ್ಟಿಯಲ್ಲಿ ಯಾರೂ ಬರೆಯದ ಒಂದು ಆಸ್ತಿ ನಮ್ಮಲ್ಲಿ ಇತ್ತು, ಅದು ಎಲ್ಲರಿಗೂ ಪೂರ್ತಿಯಾಗಿಯೇ ಬಂದಿತ್ತು ಎಂದು ಅಂದು ಗೊತ್ತಾಯಿತು. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತದೆ. ಹಿರಿಯರು ಇರುವಾಗಲೇ ಕೇಳಿಟ್ಟುಕೊಳ್ಳಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಟ್ಟುಕೊಳ್ಳಿ.

ಸಂಜೆ ಮಗ್ರಿಬ್ ಬಾಂಗು ಕೇಳಿದಾಗ ನಾನು ಅರಿವಿಲ್ಲದೆ ಜಗಲಿಯಲ್ಲಿ ನಿಂತು ಎಣಿಸತೊಡಗಿದೆ. ಮಕ್ಕಳು ಸರಿಯಾಗಿದ್ದರು. ದೊಡ್ಡವರಲ್ಲಿ ಇಬ್ಬರು ಕಡಿಮೆ. ಹುಡುಕುತ್ತಾ ತೋಟಕ್ಕೆ ಇಳಿದರೆ, ಕತ್ತಲಾಗುವ ಹೊತ್ತಿನಲ್ಲಿ ಕಡವಿನ ಮೆಟ್ಟಿಲಿನಿಂದ ಎರಡು ಸ್ವರ ಕೇಳಿಸಿತು.

"ಸತ್ಯ ಹೇಳು. ಎದ್ದು ನಿಂತದ್ದು ನೀನಲ್ವಾ?"

"ನಾನಲ್ಲ ಮಾರಾಯ. ಆಡು."